ಖರ್ಚಿನ ಅರ್ಕಾವೊತ್ತು

2008ರ ಮಳೆಗಾಲದಲ್ಲಿ ಅಮ್ಮನ ಸಂಘದ ಲೆಕ್ಕದಲ್ಲಿ 340 ರೂಪಾಯಿ ಕಡಿಮೆ ಬಂತು.

ಅದೇನು ದೊಡ್ಡ ಮೊತ್ತವೇ ಎಂದು ಈಗಿನ ಮಕ್ಕಳು ಕೇಳಿಯಾರು. ನಮ್ಮ ಕಾವೂರಿನ ಆ ಓಣಿಯಲ್ಲಿ ಹೆಚ್ಚಿನ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟುತ್ತಿದ್ದರು. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಆ ಸಾವಿರ ತುಂಬಬೇಕಾದರೆ ಬೆಳಗಿನ ಗಂಜಿಯಿಂದ ರಾತ್ರಿಯ ಊಟದವರೆಗೆ ತಡ್ಪೆ ಮಡಿಲಿನಿಂದ ಇಳಿಯುವಂತಿಲ್ಲ. ಹಾಗೆ ದುಡಿದ ಹದಿನಾಲ್ಕು ಹೆಂಗಸರು ಪ್ರತಿ ಆದಿತ್ಯವಾರ ನಮ್ಮ ಜಗಲಿಯಲ್ಲಿ ಕೂತು ಉಳಿತಾಯದ ಹಣ ಕೊಡುತ್ತಿದ್ದರು, ಸಾಲದ ಕಂತು ಕಟ್ಟುತ್ತಿದ್ದರು. ಪುಸ್ತಕ ಬರೆಯುವ ಕೆಲಸ ಅಮ್ಮನದು. ಏಳನೆಯವರೆಗೆ ಓದಿದವಳು ಅವಳೊಬ್ಬಳೇ ಎಂಬ ಕಾರಣಕ್ಕೆ.

ಪುಸ್ತಕದ ಪ್ರಕಾರ ಪೆಟ್ಟಿಗೆಯಲ್ಲಿ ಇರಬೇಕಾದ ಹಣ ಒಂದು, ಎಣಿಸಿದಾಗ ಸಿಕ್ಕಿದ್ದು ಇನ್ನೊಂದು. ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಮುಂದಿನ ವಾರ ಚಹಾ ಕುಡಿಯದೆ ಎದ್ದು ಹೋದವರು ಮೂವರು. ಅಮ್ಮ ಮೂರು ನೋಟುಪುಸ್ತಕಗಳನ್ನು ಹರಡಿಕೊಂಡು ರಾತ್ರಿ ಕೂಡಿಸುತ್ತಿದ್ದಳು, ಪುನಃ ಕೂಡಿಸುತ್ತಿದ್ದಳು. ಐದಾರು ಮಂದಿಯ ಕಂತೂ ಸರಿಯಾಗಿ 340 ರೂಪಾಯಿಯೇ ಆದ್ದರಿಂದ ಪುಸ್ತಕದ ತುಂಬ ಅದೇ ಅಂಕಿ. ಯಾವುದನ್ನು ಹುಡುಕುವುದು?

ನಾನು ಆಗ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದೆ. ಹಂಪನಕಟ್ಟೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕಂಪ್ಯೂಟರೊಂದು ಮನೆಯಲ್ಲಿತ್ತು. ಅದರ ಕಂತೂ ಬೀಡಿಯ ಹಣವೇ. ಅಮ್ಮನಿಗೆ ಒಂದು ಪ್ರೋಗ್ರಾಂ ಮಾಡಿಕೊಡುತ್ತೇನೆಂದು ಹೊರಟೆ. ಎರಡು ವಾರದಲ್ಲಿ ಮಾಡಿದೆ ಕೂಡ. ಪರದೆಯ ಮೇಲೆ ಬಟನ್‌ಗಳು, ಹೆಸರು ಬರೆಯುವ ಪೆಟ್ಟಿಗೆ, ಕೆಳಗೊಂದು ಪಟ್ಟಿ. ಎಲ್ಲವೂ ಇಂಗ್ಲಿಷಿನಲ್ಲಿ. ಆದಿತ್ಯವಾರ ಹೆಂಗಸರನ್ನು ಕರೆದು ತೋರಿಸಿದೆ. ನಮ್ಮಲ್ಲಿ ಆಡುವುದು ತುಳು, ಓದುವುದು ಬರೆಯುವುದು ಕನ್ನಡ. ಬಾವಿಕಟ್ಟೆ ಮನೆಯ ಅಕ್ಕ ಸ್ವಲ್ಪ ಹೊತ್ತು ನೋಡಿ, “ಇದರಲ್ಲಿ ನಾನು ಎಲ್ಲಿದ್ದೇನೆ ಮಗಾ?” ಎಂದು ಕೇಳಿದರು. ತೋರಿಸಿದೆ. “ನೀನು ಹೇಳಿದರೆ ಹೌದು,” ಎಂದರು. ಅಲ್ಲಿಗೆ ನನ್ನ ಪ್ರೋಗ್ರಾಂ ಮುಗಿಯಿತು. ಅಮ್ಮನ ಮಾತನ್ನೇ ನಂಬಲು ಹಿಂಜರಿಯುವ ಹೊತ್ತಿನಲ್ಲಿ ಅಮ್ಮನ ಮಗನ ಮಾತನ್ನು ನಂಬಬೇಕು ಎಂದಂತಾಯಿತು.

ಸರಿ, ಕನ್ನಡದಲ್ಲೇ ಬರೆಯೋಣ ಎಂದುಕೊಂಡೆ. ಇಲ್ಲಿ ಒಂದು ವಿಷಯ ಹೇಳಬೇಕು. ಪರದೆಯ ಮೇಲಿನ ಬಟನ್ನು, ಪಟ್ಟಿ, ಪೆಟ್ಟಿಗೆಗಳನ್ನು ಪ್ರೋಗ್ರಾಂ ಬರೆಯುವವರು ಯಾರೂ ಮೊದಲಿನಿಂದ ಮಾಡುವುದಿಲ್ಲ. ಮನೆ ಕಟ್ಟುವವನು ಹಂಚನ್ನು ತಾನೇ ಸುಡುತ್ತಾನೆಯೇ? ಕಾರ್ಖಾನೆಯಿಂದ ತರುತ್ತಾನೆ. ಒಂದು ಒಡೆದರೆ ಅದೇ ಅಳತೆಯ ಇನ್ನೊಂದನ್ನು ಸಿಕ್ಕಿಸುತ್ತಾನೆ. ಹಾಗೆಯೇ ಇಂಥ ಬಿಡಿಭಾಗಗಳನ್ನು ಮಾಡಿಟ್ಟ ಲೈಬ್ರರಿಗಳಿವೆ. ಅವುಗಳಲ್ಲಿ ಕೆಲವು ಮುಕ್ತ ತಂತ್ರಾಂಶ, ಅಂದರೆ ಹಂಚಿನ ಜತೆಗೆ ಹಂಚಿನ ಅಚ್ಚನ್ನೂ ಕೊಡುವ ಕಾರ್ಖಾನೆ. ದುಡ್ಡಿಲ್ಲ ಎಂಬುದಕ್ಕಿಂತ ಅಚ್ಚು ಕೈಗೆ ಸಿಗುತ್ತದೆ ಎಂಬುದೇ ದೊಡ್ಡದು. ಆದರೆ ಇದು ನನಗೆ ಅರ್ಥವಾದದ್ದು ಪೆಟ್ಟು ತಿಂದ ಮೇಲೆ.

ನಾನು ಮೊದಲು ಹಿಡಿದಿದ್ದ ಲೈಬ್ರರಿಯಲ್ಲಿ ಬಟನ್ನಿನ ಮೇಲೆ ‘ಖರ್ಚು’ ಎಂದು ಬರೆದರೆ ಖ ಒಂದು ಕಡೆ, ತಲೆ ಮೇಲೆ ಕೊಂಬಿನಂಥದ್ದನ್ನು ಹೊತ್ತ ರ ಇನ್ನೊಂದು ಕಡೆ, ಚ ಮತ್ತು ಅದರ ಕೊಂಬು ಬೇರೆ ಬೇರೆ. ‘ಮೊತ್ತ’ದ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಂತಿತು. ತಪ್ಪು ಅಕ್ಷರಗಳದ್ದಲ್ಲ. ಯೂನಿಕೋಡ್ ಪದ್ಧತಿಯಲ್ಲಿ ‘ಖರ್ಚು’ ಎಂದರೆ ಖ, ರ, ಹಲಂತ, ಚ, ಉಕಾರ ಎಂಬ ಐದು ಸಂಕೇತಗಳ ಸಾಲು. ಬರೆಯುವಾಗ ರ ಮೊದಲು, ಕಾಣುವಾಗ ಅದು ಅರ್ಕಾವೊತ್ತಾಗಿ ಚುವಿನ ಆಚೆ ಹೋಗಿ ಕೂರಬೇಕು. ಈ ಸ್ಥಳಾಂತರ ಮಾಡುವವರು ಯಾರಾದರೂ ಬೇಕಲ್ಲ? ಇಂಗ್ಲಿಷನ್ನು ಮಾತ್ರ ಮನಸ್ಸಿನಲ್ಲಿಟ್ಟು ಮಾಡಿದ ಬಟನ್ನಿಗೆ ಅಂಥ ಕೆಲಸ ಇದೆಯೆಂದೇ ಗೊತ್ತಿಲ್ಲ.

ಉಬುಂಟುವಿನವರು ಆ ಕಾಲದಲ್ಲಿ ತಮ್ಮ ಲಿನಕ್ಸ್ ಸಿ.ಡಿ.ಯನ್ನು ಕೇಳಿದವರಿಗೆ ಅಂಚೆಯಲ್ಲಿ ಪುಕ್ಕಟೆ ಕಳುಹಿಸುತ್ತಿದ್ದರು. 2011ರಲ್ಲಿ ಆ ಪದ್ಧತಿ ನಿಂತಿತು. ನಮ್ಮ ಮನೆಗೂ ಒಂದು ಬಂತು. ವಿದೇಶದ ಲಕೋಟೆ ನೋಡಿ ಪೋಸ್ಟ್‌ಮ್ಯಾನ್ ನನಗೆ ದುಬಾಯಿಯಲ್ಲಿ ಕೆಲಸ ಸಿಕ್ಕಿತೆಂದೇ ಭಾವಿಸಿದ್ದರು. ಅದರಲ್ಲಿ ಜಿಟಿಕೆ ಎಂಬ ಲೈಬ್ರರಿಯಿತ್ತು. ಅದರ ಕತೆ ವಿದ್ಯಾರ್ಥಿಗಳು ಕೇಳುವಂಥದ್ದು. ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ಹುಡುಗರು 1995ರ ಹೊತ್ತಿಗೆ ಗಿಂಪ್ ಎಂಬ ಚಿತ್ರ ತಿದ್ದುವ ಪ್ರೋಗ್ರಾಂ ಬರೆಯಲು ಕೂತರು. ಆಗ ಸಿಗುತ್ತಿದ್ದ ಮೋಟಿಫ್ ಎಂಬ ಲೈಬ್ರರಿ ಮುಕ್ತವಾಗಿರಲಿಲ್ಲ. ಬೇಸತ್ತು ತಮ್ಮದೇ ಬಟನ್ನು, ಪಟ್ಟಿಗಳನ್ನು ಮಾಡಿಕೊಂಡರು. ಅದೇ ಬೆಳೆದು ಜಿಟಿಕೆ ಆಯಿತು. 2002ರಲ್ಲಿ ಬಂದ ಎರಡನೆಯ ಆವೃತ್ತಿಗೆ ಪ್ಯಾಂಗೊ ಎಂಬ ಇನ್ನೊಂದು ಭಾಗ ಸೇರಿತು. ಗ್ರೀಕಿನ ‘ಪ್ಯಾನ್’ ಎಂದರೆ ಎಲ್ಲ, ಜಪಾನಿಯ ‘ಗೊ’ ಎಂದರೆ ಭಾಷೆ. ಅಕ್ಷರಗಳನ್ನು ಆಯಾ ಭಾಷೆಯ ಕ್ರಮದಲ್ಲಿ ಜೋಡಿಸುವುದು ಅದರ ಕೆಲಸ.

ಪೈಥಾನ್ ಭಾಷೆಯಲ್ಲಿ ನಾಲ್ಕು ಸಾಲು ಬರೆದು ಜಿಟಿಕೆಯ ಬಟನ್ನಿನ ಮೇಲೆ ‘ಖರ್ಚು’ ಎಂದು ಹಾಕಿ ಓಡಿಸಿದೆ. ಅರ್ಕಾವೊತ್ತು ತನ್ನ ಜಾಗದಲ್ಲಿ ಕೂತಿತ್ತು! ರಾತ್ರಿ ಹನ್ನೊಂದೂವರೆಗೆ ಅಮ್ಮನನ್ನು ಎಬ್ಬಿಸಿದೆ. “ಇದಕ್ಕೆ ಎಂತ ವಿಶೇಷ? ಖರ್ಚು ಅಂತ ಉಂಟು,” ಎಂದು ಪುನಃ ಮಲಗಿದಳು.

ನಂಬಲಾಗದೆ ಪ್ಯಾಂಗೊದ ಮೂಲವನ್ನು ತೆರೆದು ನೋಡಿದೆ. ಮುಕ್ತವಾದ್ದರಿಂದ ನೋಡಬಹುದಿತ್ತು. ಬಂಗಾಳಿ, ತಮಿಳು, ತೆಲುಗುಗಳ ಜತೆ ಕನ್ನಡಕ್ಕೂ ಒಂದು ಕೋಷ್ಟಕ. ಇದು ಸ್ವರ, ಇದು ವ್ಯಂಜನ, ಇದು ಕೆಳಗೆ ಹೋಗುವಂಥದ್ದು ಎಂದು ಪ್ರತಿಯೊಂದು ಅಕ್ಷರಕ್ಕೂ ಗುರುತು. ಯಾರೋ ಕೂತು ನಮ್ಮ ಕಾಗುಣಿತವನ್ನು ಅಷ್ಟು ದೂರದಲ್ಲಿ ಬರೆದಿಟ್ಟಿದ್ದರು. ಟೈಪ್ ಮಾಡಲು ಬಳಸಿದ್ದು ಮಾತ್ರ ನಮ್ಮೂರಿನ ಕೆ. ಪಿ. ರಾಯರ ಕೀಲಿಮಣೆಯ ವಿನ್ಯಾಸ. ಅವರು ಗುರುಪುರದ ಆಚೆಯ ಕಿನ್ನಿಕಂಬಳದವರು. ಎಫ್ ಕೀಲಿ ಒತ್ತಿದರೆ ಹಲಂತ. ಖ, ರ, ಎಫ್, ಚ, ಉ. ಅಮ್ಮ ಎರಡೇ ದಿನದಲ್ಲಿ ಕಲಿತಳು. ಒಂದು ಕೈ ಬರೆದದ್ದನ್ನು ಇನ್ನೊಂದು ಕೈ ಓದಿದಂತೆ, ಕಿನ್ನಿಕಂಬಳವೂ ಬರ್ಕ್‌ಲಿಯೂ ನಮ್ಮ ಪಡಸಾಲೆಯಲ್ಲಿ ಕೂಡಿದ್ದವು.

ಮೂರು ಪುಸ್ತಕಗಳ ಲೆಕ್ಕವನ್ನು ನಾವಿಬ್ಬರೂ ಸೇರಿ ಎಂಟು ರಾತ್ರಿ ಕೂತು ತುಂಬಿಸಿದೆವು. ಜಿಟಿಕೆಯ ಪಟ್ಟಿಯಲ್ಲಿ ಒಂದು ಸೌಕರ್ಯವಿದೆ: ಒಂದೇ ಒಂದು ಸಾಲು ಸೇರಿಸಿದರೆ, ಪಟ್ಟಿಯ ತಲೆಬರಹದ ಮೇಲೆ ಒತ್ತಿದಾಗ ಎಲ್ಲವೂ ಹೆಸರಿನ ಪ್ರಕಾರ ಜೋಡಣೆಯಾಗುತ್ತದೆ. ಆ ಜೋಡಣೆಯ ಕೆಲಸವನ್ನು ನಾನೇ ಬರೆಯಬೇಕಾಗಿದ್ದರೆ ಇನ್ನೊಂದು ತಿಂಗಳು ಹಿಡಿಯುತ್ತಿತ್ತು, ಬಹುಶಃ ಬಿಟ್ಟೇಬಿಡುತ್ತಿದ್ದೆ.

ಆದಿತ್ಯವಾರ ಪುನಃ ಎಲ್ಲರೂ ಬಂದರು. ನಾನು ಏನೂ ವಿವರಿಸಲಿಲ್ಲ. ಹೆಸರಿನ ತಲೆಬರಹವನ್ನು ಒತ್ತಿ ಹಿಂದೆ ಸರಿದೆ. ಅವರೇ ಮುಂದೆ ಬಂದು, ಬೆರಳಿಟ್ಟು, ತಮ್ಮ ತಮ್ಮ ಹೆಸರು ಓದತೊಡಗಿದರು. ಬಾವಿಕಟ್ಟೆ ಮನೆಯ ಅಕ್ಕ ನಾಲ್ಕನೆಯ ಕ್ಲಾಸಿನವರು, ಅಕ್ಷರ ಕೂಡಿಸಿ ಕೂಡಿಸಿ ಓದುವವರು. ಒಂದು ಸಾಲಿನಲ್ಲಿ ಅವರ ಬೆರಳು ನಿಂತಿತು. “ಇದು ನಾನು ಕಟ್ಟಿದ್ದಲ್ಲ,” ಎಂದರು. ಒಂದು ವಾರದ ಅಂತರದಲ್ಲಿ ಅವರ ಹೆಸರಿಗೆ ಎರಡು ಕಂತು ಬಂದಿತ್ತು. ಅವರು ಕಟ್ಟುವುದು ತಿಂಗಳಿಗೊಮ್ಮೆ. ಅಮ್ಮ ಒಮ್ಮೆ ಪುಸ್ತಕದಲ್ಲಿ ಬರೆದು, ಮುಂದಿನ ವಾರ ಚೀಟಿಯಲ್ಲಿದ್ದ ಅದೇ ಲೆಕ್ಕವನ್ನು ಪುನಃ ಇಳಿಸಿದ್ದಳು. ನಾನು ಆ ಎರಡು ಸಾಲುಗಳನ್ನು ಹತ್ತು ಸಲ ನೋಡಿದ್ದೆ. ಮುಂಗಡ ಕಟ್ಟಿದ್ದಾರೆ ಎಂದುಕೊಂಡಿದ್ದೆ.

ಸುಮ್ಮನಿದ್ದಿದ್ದರೆ ಅವರ ಸಾಲದಲ್ಲಿ 340 ರೂಪಾಯಿ ಇಳಿಯುತ್ತಿತ್ತು. ಆ ದಿನ ಎಲ್ಲರೂ ಚಹಾ ಕುಡಿದರು.

ಆ ಪ್ರೋಗ್ರಾಂ ಈಗ ಓಡುವುದಿಲ್ಲ. ಅದನ್ನು ಬರೆದಿದ್ದ ಪೈಥಾನಿನ ಎರಡನೆಯ ಆವೃತ್ತಿಯ ಪೋಷಣೆ 2020ರ ಮೊದಲ ದಿನಕ್ಕೆ ನಿಂತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಜಿಟಿಕೆಯ ನಾಲ್ಕನೆಯ ಆವೃತ್ತಿ ಬಂತು. ಅಮ್ಮನ ಮೂರು ಪುಸ್ತಕಗಳು ಕಪಾಟಿನಲ್ಲಿವೆ, ಈಗಲೂ ಓದಬಹುದು. ಪ್ರೋಗ್ರಾಂ ಇದ್ದಾಗಲೂ ಆಕೆ ಪುಸ್ತಕ ಬರೆಯುವುದನ್ನು ಬಿಟ್ಟಿರಲಿಲ್ಲ. “ಕರೆಂಟ್ ಹೋದರೆ ಎಂತ ಮಾಡುವುದು?” ಎನ್ನುತ್ತಿದ್ದಳು. ಮಳೆಗಾಲದ ಮಂಗಳೂರಿನಲ್ಲಿ ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಬಿ.ಸಿ.ಎ. ಓದುವ ಅಕ್ಕನ ಮಗಳು ಈಚೆಗೆ ಅದನ್ನು ಹೊಸ ಜಿಟಿಕೆಯಲ್ಲಿ ಪುನಃ ಬರೆಯಲು ಕೂತಿದ್ದಾಳೆ. ಮೊದಲ ಬಟನ್ನು ಆದ ಕೂಡಲೇ ಅಜ್ಜಿಯನ್ನು ಕರೆದು ತೋರಿಸಿದಳು. ಅಮ್ಮ ಕನ್ನಡಕ ಏರಿಸಿ ‘ಖರ್ಚು’ ಎಂದು ಓದಿದಳು. “ಸರಿ ಉಂಟು. ಅಕ್ಷರ ಸ್ವಲ್ಪ ದೊಡ್ಡ ಮಾಡು ಮಗಾ,” ಎಂದಳು.