ಕಮ್ಮಿ ಖರ್ಚಿನ ಅಡುಗೆಯನ್ನು ನಮ್ಮ ಕೇರಿಗೆ ಕಲಿಸಬೇಡಿ

ಈಗೀಗ ಮೊಬೈಲ್ ತೆಗೆದರೆ ಸಾಕು, ನೂರು ರೂಪಾಯಿಯಲ್ಲಿ ಇಡೀ ದಿನದ ಅಡುಗೆ, ತಿಂಗಳ ದಿನಸಿ ಖರ್ಚು ಅರ್ಧಕ್ಕೆ ಇಳಿಸೋದು ಹೇಗೆ ಅನ್ನೋ ವಿಡಿಯೋಗಳೇ. ನಾನೂ ನೋಡ್ತೀನಿ. ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಬೇಳೆ, ಎಣ್ಣೆ ರೇಟು ಏರಿದಾಗ ಕಷ್ಟ ಎಲ್ಲರ ಮನೇಲೂ ಇರುತ್ತೆ. ಆದರೆ ಆ ವಿಡಿಯೋಗಳ ಕೆಳಗೆ ಒಂದು ಮಾತು ಮತ್ತೆ ಮತ್ತೆ ಕಾಣುತ್ತೆ: ಬಡವರಿಗೆ ದುಡ್ಡು ಹಿಡಿದು ಖರ್ಚು ಮಾಡೋಕೆ ಬರಲ್ಲ, ಅದಕ್ಕೇ ಅವರು ಉದ್ಧಾರ ಆಗಲ್ಲ ಅಂತ. ಅದಕ್ಕೆ ಲೈಕುಗಳ ಮೇಲೆ ಲೈಕು.

ಅದಕ್ಕೆ ಈ ಪೋಸ್ಟು. ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಮೊದಲು ಅಡುಗೆ ವಿಷಯಕ್ಕೇ ಬರ್ತೀನಿ. ನಮ್ಮ ಚಾಮರಾಜನಗರದ ಕಡೆ ಬಸ್ಸಾರು ಅಂತ ಮಾಡ್ತೀವಿ. ಹಲಸಂದೆನೋ ಹುರುಳಿನೋ ಒಂದು ಹಿಡಿ ಕಾಳು, ಅದರ ಜೊತೆ ಸಿಕ್ಕಿದ ಸೊಪ್ಪು. ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ ನೀರು ಬಸೀಬೇಕು. ಆ ಕಟ್ಟಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಸೆಹಣ್ಣು, ಇದ್ದರೆ ಒಂದು ಚೂರು ಕಾಯಿ ಅರೆದು ಹಾಕಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಒಲೆ, ಒಂದೇ ಸೌದೆ, ಎರಡು ಅಡುಗೆ. ಕಾಯಿ, ಎಣ್ಣೆ ಎರಡೂ ಇಲ್ಲದ ದಿನ ಅದೇ ಕಟ್ಟಿಗೆ ಉಪ್ಪು ಹಾಕಿ, ಪಕ್ಕದಲ್ಲಿ ಖಾರ ಅರೆದಿಟ್ಟರೆ ಉಪ್ಪುಸಾರು. ಮಾರನೇ ದಿನ ಕಾಯಿಸಿದ ಬಸ್ಸಾರು ಇನ್ನೂ ರುಚಿ. ರಾತ್ರಿ ಉಳಿದ ಮುದ್ದೆ ಬೆಳಗ್ಗೆ ಮಜ್ಜಿಗೆಯಲ್ಲಿ ಕಲಸಿದರೆ ಅಂಬಲಿ. ಮಜ್ಜಿಗೆ ಇಲ್ಲದಿದ್ದರೆ ನೀರು, ಉಪ್ಪು, ಈರುಳ್ಳಿ. ಮುದ್ದೆ ಮಾಡಿದ ಪಾತ್ರೆಯ ತಳದ ಸೀಕು ಮಕ್ಕಳಿಗೆ. ಬಿಸಾಕೋದು ಅನ್ನೋದೇ ಇರಲಿಲ್ಲ.

ಸೊಪ್ಪು ದುಡ್ಡು ಕೊಟ್ಟು ತಂದದ್ದಲ್ಲ. ಅಣ್ಣೆಸೊಪ್ಪು, ಹೊನಗೊನೆ, ಕಿರಕಸಾಲೆ, ಗುಳಿ ಬಿದ್ದ ಹೊಲದ ಬದುವಿನಲ್ಲಿ ಬೆಳೆದ ಬೆರಕೆ ಸೊಪ್ಪು. ನಮ್ಮವ್ವ ಕೂಲಿ ಮುಗಿಸಿ ಬರ್ತಾ ಮಡಿಲಲ್ಲಿ ಕಿತ್ಕೊಂಡು ಬರೋಳು. ವಿಡಿಯೋದವರು ಇದಕ್ಕೆ "ಸೊನ್ನೆ ಖರ್ಚು" ಅಂತ ಬರೀತಾರೆ. ಸೊನ್ನೆ ಹೇಗಾಗುತ್ತೆ? ಎಂಟು ಗಂಟೆ ಕಳೆ ಕಿತ್ತ ಮೇಲೆ ಮತ್ತೆ ಒಂದು ಗಂಟೆ ಬಗ್ಗಿ ಸೊಪ್ಪು ಕಿತ್ತ ಸೊಂಟಕ್ಕೆ ಯಾರು ಕೂಲಿ ಹಾಕಿದರು? ಅದನ್ನು ಬಿಡಿಸೋಕೆ ಅರ್ಧ ಗಂಟೆ, ತೊಳೆಯೋಕೆ ದೂರದಿಂದ ಹೊತ್ತು ತಂದ ನೀರು. ಬಡವರ ಮನೆಯ ಉಳಿತಾಯದಲ್ಲಿ ದುಡ್ಡಿನ ಜಾಗಕ್ಕೆ ಹೆಂಗಸಿನ ಮೈ ಕೂತಿರುತ್ತೆ, ಅಷ್ಟೇ.

ಇನ್ನು ಬಾಡಿನ ವಿಷಯ. ಒಳ್ಳೇ ತುಂಡು ಊರೊಳಗೆ ಹೋಗೋದು, ಬೋಟಿ, ಕರುಳು, ತಲೆಕಾಲು, ರಕ್ತ ಕೇರಿಗೆ ಬರೋದು. ಬೋಟಿಯನ್ನು ಬಿಸಿನೀರು, ಸುಣ್ಣ ಹಾಕಿ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿ, ಕಡ್ಲೆಕಾಳೋ ಅವರೆಕಾಳೋ ಸೇರಿಸಿ ಬೇಯಿಸಿದರೆ ಕಾಲು ಕೆಜಿ ಬೋಟಿಯಲ್ಲಿ ಆರು ಜನ ಉಣ್ಣಬಹುದು. ಜಾಸ್ತಿ ಸಿಕ್ಕಿದ ದಿನ ಬಾಡನ್ನು ಉದ್ದುದ್ದಕ್ಕೆ ಕುಯ್ದು, ಉಪ್ಪು ಅರಿಶಿನ ಸವರಿ, ಹಗ್ಗಕ್ಕೆ ನೇತುಹಾಕಿ ಒಣಗಿಸೋದು. ಕೊಬ್ಬು ಕಾಯಿಸಿ ಡಬ್ಬಿಗೆ ಹಾಕಿಟ್ಟರೆ ಎಣ್ಣೆ ಇಲ್ಲದ ದಿನಕ್ಕೆ ಅದೇ ಒಗ್ಗರಣೆ. ಫ್ರಿಜ್ಜು ಕಾಣದ ಮನೆಗಳು ಮಳೆಗಾಲ ದಾಟಿದ್ದು ಹೀಗೆ. ಮರಾಠವಾಡದ ಶಾಹು ಪಾಟೋಳೆ ಅವರು ಮಹಾರ್ ಮತ್ತು ಮಾಂಗ್ ಮನೆಗಳ ಇಂಥದೇ ಅಡುಗೆಗಳನ್ನು ಸೇರಿಸಿ 2015ರಲ್ಲಿ ಮರಾಠಿಯಲ್ಲಿ ಒಂದು ಪುಸ್ತಕವನ್ನೇ ತಂದರು, 2024ರಲ್ಲಿ ಅದು ಇಂಗ್ಲಿಷಿಗೂ ಬಂತು. ಓದಿದರೆ ನಮ್ಮ ಅಜ್ಜಿಯಂದಿರ ಅಡುಗೆಮನೆಗೆ ಹೊಕ್ಕಂಗೆ ಆಗುತ್ತೆ. ಭಾಷೆ ಬೇರೆ, ಒಲೆ ಒಂದೇ.

ಹಾಗಾದರೆ ಬಡವರಿಗೆ ಉಳಿಸೋಕೆ ಬರಲ್ಲ ಅನ್ನೋರಿಗೆ ನನ್ನ ಪ್ರಶ್ನೆ: ಇದಕ್ಕಿಂತ ಹೆಚ್ಚು ಉಳಿಸೋಕೆ ಏನು ಬಾಕಿ ಇದೆ?

ಈಗ ಅಂಗಡಿ ಚೀಟಿಗೆ ಬರೋಣ. ತಿಂಗಳ ಸಂಬಳ ಇರೋರು ತಿಂಗಳ ದಿನಸಿ ತರ್ತಾರೆ. ದಿನಗೂಲಿಯವರು ದಿನದ ದಿನಸಿ ತರ್ತಾರೆ. ಹತ್ತು ರೂಪಾಯಿ ಎಣ್ಣೆ, ಇಪ್ಪತ್ತು ರೂಪಾಯಿ ಬೇಳೆ, ಐದು ರೂಪಾಯಿ ಸಾಂಬಾರ್ ಪುಡಿ. ಬಿಡಿಯಾಗಿ ತಂದ ಬೇಳೆಯನ್ನು ಕೆಜಿ ಲೆಕ್ಕ ಹಾಕಿ ನೋಡಿ, ಮೂಟೆಯಲ್ಲಿ ತರೋರಿಗಿಂತ ನಾವೇ ಜಾಸ್ತಿ ಕೊಟ್ಟಿರ್ತೀವಿ. ಗ್ಯಾಸ್ ಕಥೆನೂ ಅದೇ. 2016ರಲ್ಲಿ ಉಜ್ವಲ ಬಂತು, ಸ್ಟೌ ಮನೆಗೆ ಬಂತು. ಆದರೆ ಸಿಲಿಂಡರ್ ಖಾಲಿಯಾದಾಗ ಪೂರ್ತಿ ದುಡ್ಡು ಒಂದೇ ಸಲಕ್ಕೆ ಎಣಿಸಬೇಕು, ಸಬ್ಸಿಡಿ ಆಮೇಲೆ ಖಾತೆಗೆ ಬರುತ್ತೆ. ಆ ದುಡ್ಡು ಒಟ್ಟಿಗೆ ಇಲ್ಲದ ಮನೆಯವರು ಸಿಲಿಂಡರ್ ಮೂಲೆಗಿಟ್ಟು ಮತ್ತೆ ಸೌದೆ ಹಚ್ತಾರೆ. ಅದಕ್ಕೆ ಸೋಮಾರಿತನ ಅನ್ನಬೇಡಿ. ಕೈಯಲ್ಲಿ ಮುಂಗಡ ದುಡ್ಡು ಇದ್ದವರಿಗೆ ಮಾತ್ರ ಅಗ್ಗ ಸಿಗೋ ಮಾರುಕಟ್ಟೆ ಇದು.

ಸಾಲದ ಪುಸ್ತಕ ಇನ್ನೊಂದು. ಎಷ್ಟೋ ಊರಲ್ಲಿ ದಿನಸಿ ಸಾಲ ಕೊಡೋರೇ ಜಮೀನಿನ ಯಜಮಾನರು, ಇಲ್ಲಾ ಅವರ ನೆಂಟರು. ಕೂಲಿ ಕರೆಯೋರೂ ಅವರೇ, ಉಪ್ಪು ಮೆಣಸಿನಕಾಯಿ ಕೊಡೋರೂ ಅವರೇ. ಹಬ್ಬದಲ್ಲಿ ತಮಟೆ ಬಡಿಯಲ್ಲ ಅಂದರೆ, ದೇವಸ್ಥಾನದ ಒಳಗೆ ಕಾಲಿಟ್ಟರೆ, ಅಂಬೇಡ್ಕರ್ ಬೋರ್ಡ್ ನೆಟ್ಟರೆ ಮೊದಲು ಮುಚ್ಚೋದು ಪೊಲೀಸ್ ಠಾಣೆ ಬಾಗಿಲಲ್ಲ, ದಿನಸಿ ಅಂಗಡಿ ಬಾಗಿಲು. ಇದು ಇವತ್ತಿನದಲ್ಲ. ಬಾಂಬೆ ಸರ್ಕಾರ 1928ರಲ್ಲಿ ನೇಮಿಸಿದ್ದ, ಬಾಬಾಸಾಹೇಬರೂ ಸದಸ್ಯರಾಗಿದ್ದ ಸ್ಟಾರ್ಟ್ ಸಮಿತಿ 1930ರ ವರದಿಯಲ್ಲಿ ಇದನ್ನೇ ಹೇಳಿತ್ತು: ಅಸ್ಪೃಶ್ಯರು ಹಕ್ಕು ಕೇಳಿದಾಗ ಸವರ್ಣೀಯರು ಅವರನ್ನು ಜಮೀನಿಂದ ಬಿಡಿಸ್ತಾರೆ, ಕೂಲಿ ನಿಲ್ಲಿಸ್ತಾರೆ, ಊರ ಅಂಗಡಿಯವನಿಂದ ದಿನಬಳಕೆ ಸಾಮಾನು ಸಿಗದ ಹಾಗೆ ಮಾಡ್ತಾರೆ ಅಂತ. ಬಾಬಾಸಾಹೇಬರು ಈ ಮಾತನ್ನು ದುಂಡುಮೇಜಿನ ಸಭೆಯವರೆಗೂ ತಗೊಂಡು ಹೋದರು.

ಅದಕ್ಕೇ ನಮ್ಮ ಕಾನೂನಿನಲ್ಲಿ ಅಂಗಡಿ ಇಷ್ಟು ಸಲ ಬರುತ್ತೆ. ಸಂವಿಧಾನದ 15(2)ನೇ ವಿಧಿಯಲ್ಲಿ ಕೆರೆ, ಬಾವಿ, ರಸ್ತೆ ಜೊತೆ ಅಂಗಡಿನೂ ಇದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಅಸ್ಪೃಶ್ಯತೆ ಕಾರಣಕ್ಕೆ ಸಾಮಾನು ಮಾರಲ್ಲ ಅನ್ನೋದು ಅಪರಾಧ. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ದೌರ್ಜನ್ಯ ತಡೆ ಕಾಯ್ದೆಗೆ ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರವೂ ಸೇರಿದೆ. ಅಂಗಡಿ ಮುಚ್ಚಿದ ದಿನ ಬರೀ ರಾಜಿ ಪಂಚಾಯ್ತಿಗೆ ಕೂರಬೇಡಿ, ಈ ಸೆಕ್ಷನ್ ಹೆಸರು ಹೇಳಿ ದೂರು ಬರೆಸಿ.

ಇನ್ನೊಂದು ವಿಷಯ ಹೇಳದೆ ಈ ಲೆಕ್ಕ ಮುಗಿಯಲ್ಲ. ನಮ್ಮವರ ಕಮ್ಮಿ ಖರ್ಚು ಬರೀ ದುಡ್ಡಿಲ್ಲದ್ದಕ್ಕೆ ಬಂದದ್ದಲ್ಲ. ದುಡ್ಡಿದ್ದರೂ ಖರ್ಚು ಮಾಡೋಕೆ ಬಿಡ್ತಿರಲಿಲ್ಲ. ಜಾತಿ ವಿನಾಶದಲ್ಲಿ ಬಾಬಾಸಾಹೇಬರು ಜೈಪುರ ಸಂಸ್ಥಾನದ ಚಕ್ವಾರ ಅನ್ನೋ ಊರಿನ ಘಟನೆ ಬರೀತಾರೆ. ಯಾತ್ರೆ ಮುಗಿಸಿ ಬಂದ ಒಬ್ಬ ಅಸ್ಪೃಶ್ಯ ತನ್ನ ಜನಕ್ಕೆ ಊಟ ಹಾಕಿಸ್ತಾನೆ. ಊಟದಲ್ಲಿ ತುಪ್ಪ ಬಡಿಸ್ತಾನೆ. ಅಷ್ಟಕ್ಕೇ ನೂರಾರು ಜನ ದೊಣ್ಣೆ ಹಿಡಿದು ನುಗ್ಗಿ ಅಡುಗೆಯನ್ನು ಹಾಳು ಮಾಡಿ ಉಣ್ಣೋರನ್ನು ಹೊಡೆದು ಓಡಿಸ್ತಾರೆ. ತುಪ್ಪ ಅವನ ದುಡ್ಡಿಂದು, ಊಟ ಅವನ ಜನದ್ದು. ಆದರೂ ತುಪ್ಪ ತಿನ್ನೋದು ಮೇಲಿನವರ ಗುರುತು, ನೀನು ಹೇಗೆ ತಿಂತೀಯಾ ಅನ್ನೋದು ಅವರ ತಕರಾರು. ಅದೇ ಪುಸ್ತಕದಲ್ಲಿ 1935ರಲ್ಲಿ ಅಹಮದಾಬಾದ್ ಜಿಲ್ಲೆಯ ಒಂದು ಊರಿನ ಮಾತಿದೆ. ಅನುಕೂಲಸ್ಥ ಅಸ್ಪೃಶ್ಯರ ಮನೆ ಹೆಂಗಸರು ಲೋಹದ ಬಿಂದಿಗೆಯಲ್ಲಿ ನೀರು ತಂದದ್ದಕ್ಕೆ ಹೊಡೆತ ತಿಂದರು.

ಮಣ್ಣಿನ ಮಡಕೆ ಈಗ ದೊಡ್ಡ ಅಂಗಡಿಗಳಲ್ಲಿ ಆರೋಗ್ಯಕ್ಕೆ ಒಳ್ಳೇದು ಅಂತ ದುಬಾರಿ ರೇಟಿಗೆ ಮಾರ್ತಾರೆ. ರಾಗಿ, ನವಣೆ, ಸಾಮೆ ಸಿರಿಧಾನ್ಯ ಆಗಿವೆ, 2023ನ್ನು ಜಗತ್ತೇ ಸಿರಿಧಾನ್ಯ ವರ್ಷ ಅಂತ ಆಚರಿಸಿತು. ಬೋಟಿ ಮಿಲಿಟರಿ ಹೋಟೆಲಿನ ಸ್ಪೆಷಲ್. ತಿನ್ನಲಿ, ಎಲ್ಲರೂ ತಿನ್ನಲಿ. ಆದರೆ ಅದೇ ಊಟದ ವಾಸನೆ ಇದೆ ಅಂತ ಸ್ಕೂಲಲ್ಲಿ ನಮ್ಮ ಮಕ್ಕಳ ಪಕ್ಕ ಕೂರದೆ ಎದ್ದು ಹೋದವರು, ಇವತ್ತಿಗೂ ಬಾಡಿಗೆ ಮನೆ ಕೇಳಿದರೆ "ನೀವು ವೆಜ್ಜಾ" ಅಂತ ಜಾತಿ ಕೇಳೋರು, ನಮಗೆ ಆಹಾರದ ಪಾಠ ಮಾಡೋದು ಬೇಡ.

ಉಳಿಸಿ ಅಂತ ಹೇಳೋ ಸರ್ಕಾರಗಳೇ ನಮ್ಮ ಅಗ್ಗದ ಊಟ ಕಿತ್ಕೊಂಡದ್ದನ್ನೂ ನೆನಪಿಡಿ. 1964ರ ಕಾಯ್ದೆಯಲ್ಲಿ ಹನ್ನೆರಡು ವರ್ಷ ದಾಟಿದ, ಕೆಲಸಕ್ಕೆ ಬಾರದ ಎತ್ತು, ಎಮ್ಮೆ, ಕೋಣಕ್ಕೆ ಅವಕಾಶ ಇತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ. ತಪ್ಪಿದರೆ ಮೂರರಿಂದ ಏಳು ವರ್ಷ ಜೈಲು. ಕುರಿ ಮಾಂಸ ಕೆಜಿಗೆ 700-800 ರೂಪಾಯಿ ಇರೋ ಕಾಲದಲ್ಲಿ ಅದರ ಅರ್ಧಕ್ಕೂ ಕಮ್ಮಿಗೆ ಸಿಗ್ತಿದ್ದ ಮಾಂಸ ಕದ್ದು ತಿನ್ನೋ ವಸ್ತು ಆಯ್ತು. ಆಮೇಲೆ ಅವರೇ ನಮ್ಮ ಹೆಣ್ಣುಮಕ್ಕಳಿಗೆ ರಕ್ತಹೀನತೆ ಅಂತ ಮಾತ್ರೆ ಕೊಡ್ತಾರೆ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಯಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಮಠಗಳಿಂದ ಎಷ್ಟು ವಿರೋಧ ಬಂತು ನೆನಪಿದೆಯಲ್ಲ? ಮಕ್ಕಳೇ ಎದ್ದು ನಿಂತು ನಮಗೆ ಮೊಟ್ಟೆ ಬೇಕು ಅಂದರು. ಆ ಮಕ್ಕಳಿಗೆ ಜೈ.

ಅಕ್ಕಿ ವಿಷಯದಲ್ಲಿ ಒಂದು ಮಾತು. 2013ರಲ್ಲಿ ಬಂದ ಅನ್ನಭಾಗ್ಯವನ್ನು ಯಾರು ಏನೇ ಹಂಗಿಸಲಿ, ಕೇರಿಯಲ್ಲಿ ಹಸಿದು ಮಲಗೋ ರಾತ್ರಿಗಳನ್ನು ಅದು ಕಮ್ಮಿ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದೀನಿ. ಸೊಸೈಟಿ ಅಕ್ಕಿ ಮನೇಲಿದ್ದರೆ ಕೂಲಿ ರೇಟು ಕೇಳೋಕೆ ಬಾಯಿ ಬರುತ್ತೆ. "ಅಕ್ಕಿ ಕೊಟ್ಟು ಜನರನ್ನು ಸೋಮಾರಿ ಮಾಡಿದರು" ಅನ್ನೋರ ನೋವು ಅಲ್ಲೇ ಇರೋದು. ಆದರೆ ಅನ್ನಕ್ಕೆ ಸಾರು ಬೇಕಲ್ಲ? ಬೇಳೆ, ಎಣ್ಣೆ, ಮೊಟ್ಟೆ ಇವತ್ತಿಗೂ ಸಾಲದ ಪುಸ್ತಕದಲ್ಲೇ ಇವೆ. ರೇಷನ್ನಿನಲ್ಲಿ ಬೇಳೆ, ಎಣ್ಣೆ ಕೇಳೋದು ಭಿಕ್ಷೆ ಅಲ್ಲ, ಹಕ್ಕೊತ್ತಾಯ.

ಕೊನೆಗೆ ನಮ್ಮ ಒಳಗಿನ ಮಾತು. ಬೂಸಾ ಪ್ರಕರಣ ಆದ ಮೇಲೆ ಹುಟ್ಟಿದ ಸಂಘಟನೆಯ ಜೊತೆ ನಮ್ಮಪ್ಪ ಓಡಾಡಿದೋರು. ರಾತ್ರಿ ಹತ್ತಕ್ಕೆ ಐದು ಜನ ಕಾರ್ಯಕರ್ತರನ್ನ ಕರ್ಕೊಂಡು ಬಂದು "ಏನಾದ್ರೂ ಇದ್ರೆ ಬಡಿಸಮ್ಮಿ" ಅನ್ನೋರು. ಅವ್ವ ಸಾರಿಗೆ ಎರಡು ಚೊಂಬು ನೀರು ಹುಯ್ದು, ಇನ್ನೊಂದಿಷ್ಟು ಉಪ್ಪು ಖಾರ ಹಾಕಿ ಕುದಿಸಿ, ಎಲ್ಲರಿಗೂ ಬಡಿಸಿ, ತಾನು ಸೀಕು ತಿಂದು ಮಲಗೋಳು. ಚಳವಳಿಯ ಚರಿತ್ರೆಯಲ್ಲಿ ಅಪ್ಪನಂಥವರ ಹೆಸರು ಒಂದೆರಡು ಕಡೆ ಇದೆ. ಸಾರಿಗೆ ನೀರು ಹುಯ್ದವರ ಹೆಸರು ಎಲ್ಲೂ ಇಲ್ಲ. ಎಷ್ಟು ಸಭೆ, ಎಷ್ಟು ಜಾಥಾ ಇವರ ಉಳಿತಾಯದ ಮೇಲೆ ನಡೆದವು ಅಂತ ಯಾರೂ ಬರೆದಿಲ್ಲ. ಅಣ್ಣಂದಿರೇ, ಇವತ್ತೂ ನಿಮ್ಮ ಮನೇಲಿ ದಿನಸಿ ಯಾವಾಗ ಮುಗಿಯುತ್ತೆ ಅಂತ ನಿಮಗೆ ಗೊತ್ತಾ? ಎಣ್ಣೆ ರೇಟು ಗೊತ್ತಾ? ಗೃಹಲಕ್ಷ್ಮಿಯ ಎರಡು ಸಾವಿರ ಬಂದ ದಿನ ಅದನ್ನ ಕೇಳಿ ಇಸ್ಕೊಳ್ಳೋರು ನಮ್ಮಲ್ಲೂ ಇದ್ದಾರೆ, ಸುಳ್ಳಾ?

ನಮ್ಮ ಬೀದಿಯ ಹತ್ತು ಮನೆ ಹೆಂಗಸರು ಈಗ ಒಂದು ಕೆಲಸ ಮಾಡ್ತಿದೀವಿ. ವಾರಕ್ಕೆ ಇನ್ನೂರು ರೂಪಾಯಿ ಹಾಕಿ, ತಿಂಗಳ ಕೊನೆಗೆ ಇಬ್ಬರು ಪೇಟೆಗೆ ಹೋಗಿ ಬೇಳೆ, ಎಣ್ಣೆ, ಒಣಮೆಣಸಿನಕಾಯಿ ಒಟ್ಟಿಗೆ ತಂದು ಹಂಚ್ಕೋತೀವಿ. ಬೇಳೆಯಲ್ಲೇ ಕೆಜಿಗೆ ಹದಿನೈದು ಇಪ್ಪತ್ತು ರೂಪಾಯಿ ಉಳೀತಿದೆ. ಅದಕ್ಕಿಂತ ದೊಡ್ಡದು, ಸಾಲದ ಪುಸ್ತಕದಲ್ಲಿ ನಮ್ಮ ಹೆಸರಿಲ್ಲ. ನಾಳೆ ಊರಲ್ಲಿ ಏನೇ ಆದರೂ ಒಂದು ತಿಂಗಳು ಒಲೆ ಹೊತ್ತುತ್ತೆ ಅನ್ನೋ ಧೈರ್ಯ ಇದೆ. ನಿಮ್ಮ ಕೇರಿಯಲ್ಲೂ ಶುರು ಮಾಡಿ. ಲೆಕ್ಕದ ಪುಸ್ತಕ ಹೆಂಗಸರ ಕೈಯಲ್ಲಿರಲಿ, ಮೂಟೆ ಹೊರೋ ಕೆಲಸ ಗಂಡಸರು ಮಾಡಲಿ.

ಇದ್ದುದರಲ್ಲಿ ಉಣ್ಣೋ ಕಲೆ ನಮ್ಮವ್ವಂದಿರಿಗೆ ಗೊತ್ತಿತ್ತು, ಅದು ನಮ್ಮ ಹೆಮ್ಮೆ. ಆದರೆ ಇದ್ದುದರಲ್ಲೇ ಇರಿ ಅನ್ನೋದನ್ನ ನಾವು ಒಪ್ಪಲ್ಲ. ಬಸ್ಸಾರೂ ಬೇಕು, ತುಪ್ಪಾನೂ ಬೇಕು. ಯಾವತ್ತು ಏನು ಬೇಯಿಸಬೇಕು ಅಂತ ನಾವೇ ತೀರ್ಮಾನ ಮಾಡ್ತೀವಿ.

ನಿಮ್ಮ ಮನೆಯ ಕಮ್ಮಿ ಖರ್ಚಿನ ಅಡುಗೆ, ಅದನ್ನ ಮಾಡ್ತಿದ್ದವರ ಹೆಸರು ಎರಡನ್ನೂ ಕಮೆಂಟಲ್ಲಿ ಬರೀರಿ. ಹೆಸರು ಬಿಡಬೇಡಿ.

ಜೈಭೀಮ್.