ಲಂಡನ್ ಪೇಟೆಯಲ್ಲಿ ಮಕ್ಕಳು ಮರಿಗಳೊಂದಿಗೆ ಊಟ

ಶಾಲೆಗೆ ಹಾಫ್ ಟರ್ಮ್ ರಜೆ ಬಂತೆಂದರೆ ವೇಲ್ಸಿನಲ್ಲೋ ಮಿಡ್‌ಲ್ಯಾಂಡ್ಸಿನಲ್ಲೋ ಇರುವ ನಮ್ಮಂಥ ಕನ್ನಡಿಗರ ಮನೆಗಳಲ್ಲಿ ಲಂಡನ್ ಯಾತ್ರೆಯ ಮಾತು ಏಳುತ್ತದೆ. ಊರಿನಿಂದ ಹಿರಿಯರು ಬಂದಿದ್ದರಂತೂ ಹೋಗಲೇಬೇಕು. ಲಂಡನ್ ನೋಡದೆ ವಾಪಸ್ಸಾದರೆ ಅವರು ಊರಿನಲ್ಲಿ ನೆರೆಹೊರೆಯವರಿಗೆ ಏನೆಂದು ಹೇಳಿಯಾರು? ಏನೇನು ನೋಡಬೇಕು ಎಂಬ ಪಟ್ಟಿಯನ್ನು ಎಲ್ಲರೂ ಮಾಡುತ್ತಾರೆ. ಎಲ್ಲಿ ಉಣ್ಣಬೇಕು ಎಂಬ ಪಟ್ಟಿಯನ್ನು ಮಾಡುವವರು ಕಡಿಮೆ. ಆದರೆ ಪ್ರವಾಸ ಸೊಗಸಾಗುವುದೂ ಕೆಡುವುದೂ ಈ ಎರಡನೆಯ ಪಟ್ಟಿಯಿಂದಲೇ ಎಂಬುದು ನಮ್ಮ ಅನುಭವ. ಹೊಟ್ಟೆ ತುಂಬಿದ ಮಗುವಿಗೆ ಪಾರಿವಾಳ ಕಂಡರೂ ಸಂತೋಷ. ಹಸಿದ ಮಗುವಿಗೆ ಬಕಿಂಗ್‌ಹ್ಯಾಮ್ ಅರಮನೆಯೂ ಬೇಡ.

"ಫ್ಯಾಮಿಲಿ" ಎಂಬ ಪದ ನಮಗೆ ಹೊಸದೇನಲ್ಲ. ಬೆಂಗಳೂರು, ಮೈಸೂರು, ದಾವಣಗೆರೆಯ ಹಳೆಯ ಹೋಟೆಲುಗಳಲ್ಲಿ "ಫ್ಯಾಮಿಲಿ ರೂಮ್" ಎಂದು ಬೋರ್ಡು ಹಾಕಿರುತ್ತಿದ್ದುದು ಹಲವರಿಗೆ ನೆನಪಿರಬಹುದು. ಹೆಂಗಸರು ಮಕ್ಕಳು ನೆಮ್ಮದಿಯಾಗಿ ಕುಳಿತು ತಿನ್ನಲೆಂದು ಮಾಡಿದ ಪ್ರತ್ಯೇಕ ಜಾಗ ಅದು. ಅಲ್ಲಿ ಮಕ್ಕಳಿಗೆ ಬೇರೆ ಮೆನು ಇರಲಿಲ್ಲ, ಬಣ್ಣದ ಪೆನ್ಸಿಲ್ ಕೊಡುತ್ತಿರಲಿಲ್ಲ. ಮಕ್ಕಳಿಗೆ ಅಮ್ಮನ ಮಡಿಲೇ ಕುರ್ಚಿ. ಒಂದು ಮಸಾಲೆ ದೋಸೆ, ಜೊತೆಗೆ ಒಂದು ಖಾಲಿ ತಟ್ಟೆ. ಕೆಂಪು ಚಟ್ನಿ ಹತ್ತದ ತುದಿ ಮಗುವಿಗೆ, ಉಳಿದದ್ದು ದೊಡ್ಡವರಿಗೆ. ಕಾಫಿ ಬೈ ಟೂ. ಮಾಣಿ ಮುಖ ಸಿಂಡರಿಸುತ್ತಿರಲಿಲ್ಲ. ಒಂದೇ ಅಡುಗೆಯನ್ನು ಎಲ್ಲರೂ ಹಂಚಿಕೊಂಡು ತಿನ್ನುವುದೇ ಅಲ್ಲಿನ ಫ್ಯಾಮಿಲಿ ವ್ಯವಸ್ಥೆ.

ಇಲ್ಲಿ ಹಾಗಲ್ಲ. ಲಂಡನ್ನಿನ ಹೋಟೆಲೊಂದು ತನ್ನನ್ನು ಫ್ಯಾಮಿಲಿ ಹೋಟೆಲೆಂದು ಕರೆದುಕೊಂಡರೆ ಅಲ್ಲಿ ಹೈ ಚೇರ್ ಇರುತ್ತದೆ, ಮಗುವಿನ ಬಟ್ಟೆ ಬದಲಿಸಲು ಜಾಗವಿರುತ್ತದೆ, ಚಿತ್ರಕ್ಕೆ ಬಣ್ಣ ಹಚ್ಚುವ ಕಾಗದ ಕೊಡುತ್ತಾರೆ. ಇವೆಲ್ಲ ನಿಜವಾಗಿಯೂ ಒಳ್ಳೆಯ ಅನುಕೂಲಗಳು, ಬೇಡವೆನ್ನುವುದಿಲ್ಲ. ತೊಂದರೆ ಇರುವುದು ಮಕ್ಕಳ ಮೆನುವಿನಲ್ಲಿ. ಚಿಕನ್ ನಗೆಟ್ಸ್, ಫಿಶ್ ಫಿಂಗರ್ಸ್, ಸಾಸೇಜ್, ಪಾಸ್ತಾ, ಚಿಪ್ಸ್. ಸಸ್ಯಾಹಾರಿ ಮಗುವಿಗೆ ಮೊದಲ ಮೂರನ್ನು ಕಳೆಯಿರಿ; ಉಳಿಯುವುದು ಪಾಸ್ತಾ ಮತ್ತು ಚಿಪ್ಸ್. ಮೊದಲ ದಿನ ಮಕ್ಕಳಿಗೆ ಅದೇ ಹಬ್ಬದೂಟ. ಮೂರನೆಯ ದಿನ ಅವರೇ "ಮನೆಗೆ ಹೋಗಿ ಸಾರನ್ನ ತಿನ್ನೋಣ" ಎನ್ನುತ್ತಾರೆ.

ಇನ್ನು ವೇಳೆಯ ವಿಷಯ. ಮ್ಯೂಸಿಯಮ್ಮಿನಲ್ಲಿ ಡೈನೋಸಾರ್ ನೋಡುತ್ತ ನಿಂತವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹೊರಗೆ ಬರುವಾಗ ಮೂರು ಗಂಟೆ. ಲಂಡನ್ನಿನ ಬಹಳಷ್ಟು ಹೋಟೆಲುಗಳು, ಅದರಲ್ಲೂ ನಮ್ಮ ಕಡೆಯ ಅಡುಗೆ ಮಾಡುವವು, ಎರಡೂವರೆ ಮೂರಕ್ಕೆ ಅಡುಗೆಮನೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ ಐದು ಐದೂವರೆಗೆ. ಬಾಗಿಲಿಗೆ ಅಂಟಿಸಿದ ಆ ಚೀಟಿಯ ಮುಂದೆ ಐದು ವರ್ಷದ ಮಗುವನ್ನು ಹೆಗಲ ಮೇಲೆ ಹೊತ್ತು ನಿಂತವರಿಗೇ ಗೊತ್ತು ಅದರ ಕಷ್ಟ. ಆದ್ದರಿಂದ ನಾವು ಹನ್ನೆರಡಕ್ಕೇ ಊಟ, ಐದೂವರೆಗೇ ರಾತ್ರಿಯ ಊಟ ಎಂದು ಗೊತ್ತುಮಾಡಿಕೊಂಡಿದ್ದೇವೆ. ಇದರಿಂದ ಇನ್ನೊಂದು ಲಾಭವೂ ಉಂಟು. ನಾಟಕಗಳು ನಡೆಯುವ ವೆಸ್ಟ್ ಎಂಡಿನ ಹಲವು ಹೋಟೆಲುಗಳಲ್ಲಿ ನಾಟಕಕ್ಕೆ ಹೋಗುವವರಿಗೆಂದು ಸಂಜೆ ಬೇಗ ಬಂದವರಿಗೆ ಕಡಿಮೆ ದರದ ಊಟವಿರುತ್ತದೆ. ನೂಕುನುಗ್ಗಲೂ ಆಗ ಶುರುವಾಗಿರುವುದಿಲ್ಲ. ಮಗು ನೀರಿನ ಲೋಟ ಉರುಳಿಸಿದರೆ ತಿರುಗಿ ನೋಡುವವರೂ ಕಡಿಮೆ.

ಎಲ್ಲಿಗೆ ಹೋಗುವುದು? ದೋಸೆಯ ಆಸೆಗೆ ಟೂಟಿಂಗ್, ವೆಂಬ್ಲಿ, ಈಸ್ಟ್ ಹ್ಯಾಮ್ ಎಂದು ಎಲ್ಲರೂ ಹೇಳುತ್ತಾರೆ. ಟೂಟಿಂಗಿನಲ್ಲಿ ಕೇರಳ, ತಮಿಳು ಮತ್ತು ಶ್ರೀಲಂಕಾದ ಅಡುಗೆ, ವೆಂಬ್ಲಿಯ ಈಲಿಂಗ್ ರೋಡಿನಲ್ಲಿ ಗುಜರಾತಿ ತಿಂಡಿ, ಈಸ್ಟ್ ಹ್ಯಾಮಿನಲ್ಲಿ ದಕ್ಷಿಣ ಭಾರತದ ಊಟ, ಎಲ್ಲವೂ ಚೆನ್ನವೇ. ಆದರೆ ಸೌತ್ ಕೆನ್ಸಿಂಗ್ಟನ್ನಿನ ಮ್ಯೂಸಿಯಮ್ಮಿನಿಂದ ಅಲ್ಲಿಗೆ ಟ್ಯೂಬ್ ಬದಲಿಸಿಕೊಂಡು ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಹಿಡಿಯುತ್ತದೆ. ಹಸಿದ ಮಕ್ಕಳನ್ನು ದೋಸೆಯ ಕಡೆಗೆ ಎಳೆದುಕೊಂಡು ಹೋಗಬಾರದು. ದೋಸೆ ಇರುವ ಕಡೆಯ ನೋಟಗಳನ್ನು ಆ ದಿನಕ್ಕೆ ಇಟ್ಟುಕೊಳ್ಳಬೇಕು. ನೀಸ್ಡನ್ನಿನ ಸ್ವಾಮಿನಾರಾಯಣ ದೇವಸ್ಥಾನ ಇದಕ್ಕೆ ಒಳ್ಳೆಯ ಉದಾಹರಣೆ. 1995ರಲ್ಲಿ ತೆರೆದ ಈ ಅಮೃತಶಿಲೆಯ ಮಂದಿರವನ್ನು ನೋಡಿ, ಎದುರಿಗೇ ಇರುವ ಅವರದೇ ಶಾಯೋನಾ ಹೋಟೆಲಿನಲ್ಲಿ ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಊಟ ಮಾಡಬಹುದು. ಮಡಿವಂತ ಹಿರಿಯರಿದ್ದರೆ ಇದಕ್ಕಿಂತ ನಿಶ್ಚಿಂತೆಯ ಜಾಗ ಬೇರೆ ಬೇಕಿಲ್ಲ. ಊರಿನ ಮಧ್ಯದಲ್ಲೇ ಬೇಕೆಂದರೆ ಯೂಸ್ಟನ್ ಸ್ಟೇಷನ್ನಿನ ಪಕ್ಕದ ಡ್ರಮಂಡ್ ಸ್ಟ್ರೀಟ್ ಇದೆ. 1970ರ ದಶಕದಿಂದಲೂ ಭೇಲ್ ಪುರಿ, ದೋಸೆಗಳಿಗೆ ಹೆಸರಾದ ಬೀದಿ ಅದು. ಬ್ರಿಟಿಷ್ ಮ್ಯೂಸಿಯಂ ನೋಡಿದವರು ಕಾಲ್ನಡಿಗೆಯಲ್ಲೇ ಅಲ್ಲಿಗೆ ಹೋಗಬಹುದು. ಅಲ್ಲಿಂದ ಸ್ವಲ್ಪ ದೂರ ಫಿಟ್ಸ್‌ರಾಯ್ ಸ್ಕ್ವೇರಿನಲ್ಲಿ ಇಂಡಿಯನ್ ವೈ.ಎಂ.ಸಿ.ಎ. ಇದೆ. ಹಿಂದೆ ಓದಲು ಬಂದ ಎಷ್ಟೋ ಭಾರತೀಯ ವಿದ್ಯಾರ್ಥಿಗಳಿಗೆ ಅನ್ನ ಸಾರು ಹಾಕಿದ ಕ್ಯಾಂಟೀನು ಅಲ್ಲಿನದು.

ಇನ್ನು ಏನೇನು ಕೇಳಬೇಕು ಎಂಬುದು. ಸಸ್ಯಾಹಾರಿಗಳು ಇದನ್ನು ಸ್ವಲ್ಪ ಗಮನವಿಟ್ಟು ಓದಬೇಕೆಂದು ಕೋರಿಕೆ. 2014ರ ಡಿಸೆಂಬರಿನಿಂದ ಇಲ್ಲಿನ ಎಲ್ಲ ಹೋಟೆಲುಗಳೂ 14 ಬಗೆಯ ಅಲರ್ಜಿ ಪದಾರ್ಥಗಳು ಯಾವ ತಿಂಡಿಯಲ್ಲಿವೆ ಎಂದು ಗಿರಾಕಿಗೆ ತಿಳಿಸಲೇಬೇಕು. ಆ 14ರಲ್ಲಿ ಮೊಟ್ಟೆ ಸೇರಿದೆ. ಆದ್ದರಿಂದ ಮೊಟ್ಟೆ ತಿನ್ನದವರು ಅಲರ್ಜಿ ಪಟ್ಟಿಯನ್ನು ಕೇಳಿ ನೋಡಿದರೆ ಸಾಕು. ತಾಜಾ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಒಣ ಪಾಸ್ತಾದಲ್ಲಿ ಹೆಚ್ಚಾಗಿ ಇರುವುದಿಲ್ಲ. ಆದರೆ ಆ ಪಟ್ಟಿಯಲ್ಲಿ ಸೇರದ ಸಂಗತಿಗಳೂ ಇವೆ, ಅವನ್ನು ಬಾಯಿಬಿಟ್ಟೇ ಕೇಳಬೇಕು. ಕೆಲವು ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ ಆಲೂಗಡ್ಡೆಯನ್ನು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಉತ್ತರ ಇಂಗ್ಲೆಂಡಿನಲ್ಲಿ ಇದು ಹೆಚ್ಚು. ಜೆಲ್ಲಿ ಮಿಠಾಯಿಗಳಲ್ಲಿ ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆದ ಜೆಲಟಿನ್ ಇರುತ್ತದೆ. ನಿಜವಾದ ಪಾರ್ಮೆಸಾನ್ ಚೀಸನ್ನು ಕರುವಿನ ಜಠರದಿಂದ ತೆಗೆದ ರೆನೆಟ್ ಹಾಕಿಯೇ ಹೆಪ್ಪುಗಟ್ಟಿಸುತ್ತಾರೆ. ಒಂದು ದೇಶದಲ್ಲಿ ಸಸ್ಯಾಹಾರವಾದದ್ದು ಇನ್ನೊಂದರಲ್ಲಿ ಆಗಿರಬೇಕೆಂದೂ ಇಲ್ಲ. ಮೆಕ್‌ಡೊನಾಲ್ಡ್ಸ್ ಫ್ರೈಸ್ ಇಲ್ಲಿ ಸಸ್ಯಾಹಾರ; ಅಮೆರಿಕದಲ್ಲಿ ಅದಕ್ಕೆ ದನದ ಮಾಂಸದ ರುಚಿ ಸೇರಿಸಿದ್ದು ಹೊರಬಿದ್ದು ಹಿಂದೂಗಳೂ ಸಸ್ಯಾಹಾರಿಗಳೂ ಕೋರ್ಟಿಗೆ ಹೋದ ಮೇಲೆ, 2002ರಲ್ಲಿ ಕಂಪನಿ ಒಂದು ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಈ ಚೀಸಿನ ಸಂಗತಿ ನಮ್ಮ ಮನೆಯಲ್ಲಿ ಬರೀ ಮಾಹಿತಿಯಾಗಿ ಉಳಿಯಲಿಲ್ಲ. ಅಜ್ಜಿ ಜೊತೆಗಿದ್ದ ಪ್ರವಾಸದಲ್ಲಿ, ಮೊದಲ ಸಂಜೆ, ಮಕ್ಕಳು ಆರಿಸಿದ ಪಿಜ್ಜಾ ಹೋಟೆಲಿಗೆ ಹೋದೆವು. ಬಿಸಿ ಪಿಜ್ಜಾ ಬಂತು. ಅಜ್ಜಿ ತಟ್ಟೆಯನ್ನು ನೋಡಿ, "ಇದರ ಮೇಲೆ ಉದುರಿಸಿರೋದು ಏನು ಅಂತ ಕೇಳು" ಎಂದರು. ಬಡಿಸುತ್ತಿದ್ದ ಹುಡುಗ ಒಳ್ಳೆಯವನು. ಒಳಗೆ ಹೋಗಿ ಪೊಟ್ಟಣವನ್ನೇ ನೋಡಿ ಬಂದು, ಕರುವಿನ ರೆನೆಟ್ ಇದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದ. ಅಜ್ಜಿ ಆ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಬೇರೆ ಮಾಡಿಸಿಕೊಡುತ್ತೇವೆಂದರೂ ಕೇಳಲಿಲ್ಲ. "ನಂಗೆ ಹಸಿವೇ ಇಲ್ಲ ಕಣ್ರೋ, ನೀವು ತಿನ್ನಿ, ಆರಿ ಹೋಗುತ್ತೆ" ಎಂದು ಕಿತ್ತಳೆ ರಸವನ್ನಷ್ಟೇ ಕುಡಿದರು. ನಮ್ಮ ತಾಯಂದಿರಿಗೆ ಈ ಮಾತು ಬಾಯಿಪಾಠ. ಮನೆಯಲ್ಲಿ ಅನ್ನ ಕಡಿಮೆ ಬಿದ್ದಾಗಲೂ ಅವರು ಇದನ್ನೇ ಹೇಳುತ್ತಿದ್ದರು.

ರಾತ್ರಿ ಹೋಟೆಲಿನ ಕೋಣೆಯಲ್ಲಿ ಒಂಬತ್ತು ವರ್ಷದ ಮಗಳಿಗೆ ಎಚ್ಚರವಾಗಿದೆ. ನೋಡಿದರೆ ಅಜ್ಜಿ ಕಿಟಕಿಯ ಬಳಿ ಕುಳಿತು, ಊರಿನಿಂದ ತಂದ ಅವಲಕ್ಕಿಯನ್ನು ಟೀ ಕಪ್ಪಿಗೆ ಹಾಕಿ, ಕೆಟಲಿನ ಬಿಸಿನೀರು, ತಟ್ಟೆಯಲ್ಲಿಟ್ಟಿದ್ದ ಪುಟ್ಟ ಹಾಲಿನ ಡಬ್ಬಿಗಳು, ಸಕ್ಕರೆ ಪೊಟ್ಟಣ ಎಲ್ಲ ಸೇರಿಸಿ ಕಲಸಿಕೊಂಡು ತಿನ್ನುತ್ತಿದ್ದರಂತೆ. ಬೆಳಿಗ್ಗೆ ಮಗಳು ಅದನ್ನು ನಮಗೆ ಹೇಳಿದಳು. ದೂರು ಹೇಳುವ ದನಿಯಲ್ಲಿ ಅಲ್ಲ, ಗುಟ್ಟು ಹೇಳುವ ದನಿಯಲ್ಲಿ. "ಅಜ್ಜಿಗೆ ಹಸಿವಾಗಿತ್ತು. ಆದ್ರೂ ಇಲ್ಲ ಅಂದ್ರು. ಯಾಕೆ?" ಉತ್ತರ ಹೇಳುವುದು ಸುಲಭವಾಗಿರಲಿಲ್ಲ. ಆದರೆ ಅವಳು ಉತ್ತರಕ್ಕೆ ಕಾಯಲೂ ಇಲ್ಲ. "ಇನ್ಮೇಲೆ ಎಲ್ಲರಿಗೂ ತಿನ್ನೋಕೆ ಏನಾದ್ರೂ ಇದ್ರೆ ಮಾತ್ರ ಕೂತ್ಕೊಳ್ಳೋಣ. ಬಾಗಿಲಲ್ಲೇ ನಾನು ಕೇಳ್ತೀನಿ" ಎಂದಳು.

ಹಾಗೆಯೇ ಮಾಡಿದಳು ಕೂಡ. ಅಂದು ಮಧ್ಯಾಹ್ನ ಡ್ರಮಂಡ್ ಸ್ಟ್ರೀಟಿಗೆ ಹೋಗುವ ಮೊದಲು ಎರಡು ಹೋಟೆಲುಗಳ ಬಾಗಿಲಲ್ಲಿ ನಿಂತು, ಮೆನು ಕೈಗೆ ತೆಗೆದುಕೊಂಡು, "ನಮ್ಮ ಅಜ್ಜಿ ಮೊಟ್ಟೆ ತಿನ್ನೋದಿಲ್ಲ, ರೆನೆಟ್ ಇರೋ ಚೀಸ್ ತಿನ್ನೋದಿಲ್ಲ, ಅವರಿಗೆ ಏನಿದೆ?" ಎಂದು ಅಚ್ಚ ವೇಲ್ಸಿನ ಇಂಗ್ಲಿಷಿನಲ್ಲಿ ವಿಚಾರಿಸಿದಳು. ಎರಡೂ ಕಡೆ ಸಲಾಡ್ ಎಂಬ ಉತ್ತರ ಬಂತು. ಥ್ಯಾಂಕ್ಸ್ ಹೇಳಿ ಮುಂದೆ ನಡೆದೆವು. ಭೇಲ್ ಪುರಿ ಅಂಗಡಿಯಲ್ಲಿ ಅಜ್ಜಿ ಉದ್ದನೆಯ ದೋಸೆಯ ತುದಿ ಮುರಿದು ಮೊಮ್ಮಗನ ತಟ್ಟೆಗೆ ಹಾಕಿದಾಗ, ಇದಕ್ಕೆ ಯಾವ ಮಕ್ಕಳ ಮೆನುವೂ ಬೇಕಾಗಲಿಲ್ಲ.

ಸಂಜೆ ಬಸವಣ್ಣನವರ ಪ್ರತಿಮೆ ನೋಡಲು ಹೋದೆವು. ಥೇಮ್ಸ್ ನದಿಯ ಆಚೆ ದಡದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಮೇಲೆ, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ ಪ್ರತಿಮೆ ಅದು. ಲ್ಯಾಂಬೆತ್‌ನ ಮೇಯರ್ ಆಗಿದ್ದ ನಮ್ಮವರೇ ಆದ ನೀರಜ್ ಪಾಟೀಲರ ಶ್ರಮದ ಫಲ. ಮಗಳು ಇವರು ಯಾರೆಂದು ಕೇಳಿದಾಗ ಅಜ್ಜಿ ಕಲ್ಯಾಣದ ಕತೆ ಹೇಳಿದರು. ಮಹಾಮನೆ, ದಾಸೋಹ, ಬಂದವರು ಯಾರೂ ಹಸಿದು ಹೋಗಬಾರದು ಎಂಬ ವ್ರತ. ಮಗ ಗಂಭೀರವಾಗಿ, "ಅಲ್ಲಿ ಚಿಪ್ಸ್ ಇತ್ತಾ ಅಜ್ಜಿ?" ಎಂದ. "ಚಿಪ್ಸ್ ಇರ್ಲಿಲ್ಲಪ್ಪ, ಜೋಳದ ರೊಟ್ಟಿ ಇತ್ತು. ಎಲ್ಲರಿಗೂ ಅದೇ" ಎಂದರು ಅಜ್ಜಿ.

ಖರ್ಚಿನ ಬಗ್ಗೆಯೂ ನಾಲ್ಕು ಮಾತು. ಬಿಲ್ಲಿನಲ್ಲಿ ಶೇಕಡಾ 12.5ರಷ್ಟು ಸರ್ವಿಸ್ ಚಾರ್ಜ್ ಸೇರಿಸಿರುವುದು ಲಂಡನ್ನಿನಲ್ಲಿ ಸಾಮಾನ್ಯ. ಅದರ ಮೇಲೆ ಮತ್ತೆ ಟಿಪ್ಸ್ ಇಡುವ ಅಗತ್ಯವಿಲ್ಲ. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕಾನೂನಿನಂತೆ ಆ ಹಣ ಕೆಲಸಗಾರರಿಗೇ ಸೇರಬೇಕು, ಮಾಲೀಕರು ಇಟ್ಟುಕೊಳ್ಳುವಂತಿಲ್ಲ. ನೀರಿನ ಬಾಟಲಿಗೆ ದುಡ್ಡು ಸುರಿಯಬೇಡಿ. ಮದ್ಯ ಮಾರುವ ಲೈಸೆನ್ಸ್ ಇರುವ ಹೋಟೆಲುಗಳಲ್ಲಿ ಕೇಳಿದರೆ ನಲ್ಲಿ ನೀರನ್ನು ಪುಕ್ಕಟೆ ಕೊಡಬೇಕೆಂದು ನಿಯಮವೇ ಇದೆ. ಹೆಂಡದ ಲೈಸೆನ್ಸಿನಿಂದ ನಮಗಾಗುವ ಉಪಕಾರ ಇದೊಂದೇ! 11 ವರ್ಷದೊಳಗಿನ ಮಕ್ಕಳಿಗೆ ದೊಡ್ಡವರ ಜೊತೆಯಲ್ಲಿ ಟ್ಯೂಬ್ ಪ್ರಯಾಣ ಪುಕ್ಕಟೆ, ಒಬ್ಬ ದೊಡ್ಡವರಿಗೆ ನಾಲ್ಕು ಮಕ್ಕಳವರೆಗೆ. ವೇಲ್ಸಿನವರಿಗೆ ಇನ್ನೊಂದು ಸೂಚನೆ: ನಮ್ಮಲ್ಲಿ 2013ರಿಂದ ಹೋಟೆಲುಗಳ ಬಾಗಿಲಲ್ಲಿ ಶುಚಿತ್ವದ ಅಂಕದ ಹಸಿರು ಚೀಟಿ ಹಾಕುವುದು ಕಡ್ಡಾಯ. ಇಂಗ್ಲೆಂಡಿನಲ್ಲಿ ಕಡ್ಡಾಯವಲ್ಲ. ಐದಕ್ಕೆ ಐದು ಪಡೆದವರು ತಪ್ಪದೆ ಹಾಕಿರುತ್ತಾರೆ. ಚೀಟಿ ಕಾಣದಿದ್ದರೆ ಅಂಕ ಎಷ್ಟೆಂದು ಕೇಳಿಯೇ ಒಳಗೆ ಹೋಗಿ.

ಇಷ್ಟಾಗಿಯೂ ಬುತ್ತಿಯನ್ನು ಮರೆಯುವಂತಿಲ್ಲ. ಬೆಳಗಿನ ರೈಲಿಗೆ ಹೊರಡುವಾಗ ಒಂದು ಡಬ್ಬಿ ಚಿತ್ರಾನ್ನ, ಒಂದು ಡಬ್ಬಿ ಮೊಸರನ್ನ, ಉಪ್ಪಿನಕಾಯಿ ಸವರಿ ಸುತ್ತಿದ ನಾಲ್ಕು ಚಪಾತಿ. ಹವೆ ಚೆನ್ನಾಗಿದ್ದರೆ ಸೇಂಟ್ ಜೇಮ್ಸಸ್ ಪಾರ್ಕಿನ ಬೆಂಚೇ ನಮ್ಮ ಫ್ಯಾಮಿಲಿ ರೂಮ್. ಕೆರೆಯ ಬಾತುಕೋಳಿಗಳು, ಪೆಲಿಕನ್ ಹಕ್ಕಿಗಳು ಮಕ್ಕಳನ್ನು ಆಡಿಸುವ ಹೊಣೆ ಹೊತ್ತುಕೊಳ್ಳುತ್ತವೆ. ಒಗ್ಗರಣೆಯ ವಾಸನೆಗೆ ಪಕ್ಕದವರು ಏನೆಂದುಕೊಂಡಾರೋ ಎಂಬ ಸಂಕೋಚ ನಮಗಿದ್ದೀತು, ಮಕ್ಕಳಿಗೆ ಇಲ್ಲ. ಅವರು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಚಮಚದಲ್ಲಿ ತಿಂದು ಮುಗಿಸುತ್ತಾರೆ.

ಹೋಟೆಲಿನಲ್ಲಿ ಹೈ ಚೇರ್ ಇದೆಯೇ, ಬಣ್ಣದ ಪೆನ್ಸಿಲ್ ಕೊಡುತ್ತಾರೆಯೇ ಎಂದು ನೋಡಿ, ಖಂಡಿತ ನೋಡಿ. ಅದರ ಜೊತೆಗೆ, ನಮ್ಮ ಪಂಕ್ತಿಯಲ್ಲಿ ಕುಳಿತವರಲ್ಲಿ ಯಾರಾದರೂ "ನನಗೆ ಹಸಿವಿಲ್ಲ" ಎನ್ನಬೇಕಾಗುತ್ತದೆಯೇ ಎಂಬುದನ್ನೂ ನೋಡಿ. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಎಡಿನ್‌ಬರಾ ಕಡೆ ಮೊಮ್ಮಕ್ಕಳೂ ಅಜ್ಜಿಯರೂ ಒಟ್ಟಿಗೆ ಕುಳಿತು ತಿನ್ನಬಹುದಾದ ಜಾಗಗಳು ನಿಮಗೆ ಗೊತ್ತಿದ್ದರೆ ಮುಂದಿನ ಸಂಚಿಕೆಗೆ ದಯವಿಟ್ಟು ಬರೆದು ಕಳುಹಿಸಿ. ಈಸ್ಟರ್ ರಜೆಗೆ ನಮ್ಮ ಮನೆಗೆ ಊರಿನಿಂದ ದೊಡ್ಡಮ್ಮ ಬರುವವರಿದ್ದಾರೆ. ಅವರು ಬದನೆಕಾಯಿಯನ್ನೂ ತಿನ್ನುವುದಿಲ್ಲ.