ಜಾಡಿಯ ತಳ

ನಮ್ಮಜ್ಜಿ ಉಪ್ಪಿನಕಾಯಿ ಜಾಡಿ ಕೊಳ್ಳುವಾಗ ಅಂಗಡಿಯವನ ಮಾತು ಕೇಳುತ್ತಿರಲಿಲ್ಲ, ಜಾಡಿಯ ಮಾತು ಕೇಳುತ್ತಿದ್ದಳು. ಬಗ್ಗಿ, ಬೆರಳಗೆಣ್ಣಿನಿಂದ ಒಮ್ಮೆ ಕುಟ್ಟುವುದು. ‘ಠಣ್’ ಅಂದರೆ ಸರಿ. ‘ಬೊದ್’ ಅಂದರೆ ಎಲ್ಲೋ ಕೂದಲೆಳೆಯಷ್ಟು ಬಿರುಕಿದೆ. ಮನೆಗೆ ತಂದ ಮೇಲೂ ನಂಬಿಕೆಯಿಲ್ಲ. ರಾತ್ರಿಯಿಡೀ ನೀರು ತುಂಬಿಸಿ ಹಳೇ ಪೇಪರಿನ ಮೇಲೆ ಕೂರಿಸಬೇಕು. ಬೆಳಿಗ್ಗೆ ಪೇಪರು ಒಣಗಿದ್ದರೆ ಮಾತ್ರ ಅದಕ್ಕೆ ನಡುಮನೆ ಅಟ್ಟದಲ್ಲಿ ಜಾಗ. ಅಳಿಯನನ್ನು ಆರಿಸುವಾಗ ಅಮ್ಮ ಇದರ ಅರ್ಧ ಜಾಗ್ರತೆ ಮಾಡಿದ್ದರೂ ಸಾಕಿತ್ತು ಎಂದು ನಮ್ಮತ್ತೆ ಈಗಲೂ ಗೊಣಗುತ್ತಾರೆ.

ಜಾಡಿಯ ಮೇಲರ್ಧ ಕಂದು, ಕೆಳಗೆಲ್ಲ ಕೆನೆಬಣ್ಣ. ಆ ನುಣುಪಿಗೆ ಪುಸ್ತಕದವರು ಮೆರುಗು ಅನ್ನುತ್ತಾರೆ, ಕಸುಬಿನವರು ಗ್ಲೇಜ್ ಅನ್ನುತ್ತಾರೆ. ಅಜ್ಜಿ ‘ನೊಣ ಕೂತರೆ ಜಾರಬೇಕು’ ಅನ್ನುತ್ತಿದ್ದಳು. ಅಸಲಿಗೆ ಅದು ಗಾಜು. ಸಿಲಿಕಾ, ಅದು ಬೇಗ ಕರಗಲೆಂದು ಒಂದಿಷ್ಟು ಕ್ಷಾರ, ಕರಗಿದ್ದು ಇಳಿದುಹೋಗದಿರಲೆಂದು ಜೇಡಿ, ಎಲ್ಲವನ್ನೂ ನೀರಲ್ಲಿ ಕದಡಿ, ಆ ಗಂಜಿಯಲ್ಲಿ ಜಾಡಿಯನ್ನು ಅದ್ದಿ, 1200 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟರೆ ಮಣ್ಣಿನ ಮೈಗೆ ಗಾಜಿನ ಚರ್ಮ ಬರುತ್ತದೆ. ಇನ್ನೊಂದು ದಾರಿಯೂ ಇದೆ: ಕಾದು ಕೆಂಪಾದ ಗೂಡಿಗೆ ಅಡುಗೆ ಉಪ್ಪನ್ನೇ ಎರಚುವುದು. ಉಪ್ಪಿನ ಸೋಡಿಯಂ ಮಣ್ಣಿನ ಸಿಲಿಕಾದೊಡನೆ ಕೂಡಿ ಗಾಜಾಗುತ್ತದೆ. ಅಂಥ ಜಾಡಿಗೆ ಹೊರಗೂ ಉಪ್ಪು, ಒಳಗೂ ಉಪ್ಪು.

ಹಿತ್ತಾಳೆ ಪಾತ್ರೆಗಳ ಮೆರುಗು ಮಾತ್ರ ಬೀದಿಗೇ ಬರುತ್ತಿತ್ತು. ‘ಪಾತ್ರೆಗೆ ಕಲಾಯ್!’ ಎಂಬ ಕೂಗು ಕೇಳಿದರೆ ನಾವು ಹುಡುಗರು ಅರ್ಧ ಊಟದಲ್ಲೇ ಏಳುತ್ತಿದ್ದೆವು. ಕಲಾಯಿ ಸಾಬರು ನೆಲದಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸುತ್ತಿದ್ದರು. ಬಿಳೀ ಹೊಗೆ, ಮೂಗಿಗೆ ಘಾಟು. ತವರದ ಕಡ್ಡಿಯನ್ನು ಹಾಗೆ ತಾಗಿಸಿ, ಬಟ್ಟೆ ಉಂಡೆಯಿಂದ ಒಂದು ಸುತ್ತು ಒರೆಸಿದರೋ ಇಲ್ಲವೋ, ಕರ್ರಗಿದ್ದ ಪಾತ್ರೆಯೊಳಗೆ ಬೆಳದಿಂಗಳು! ತವರ 232 ಡಿಗ್ರಿಗೇ ಕರಗುತ್ತದೆ ಎಂದು ಮುಂದೆ ಓದಿದೆ. ಆಗ ಅದು ಶುದ್ಧ ಮಾಟ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿಸಾರು ಕಿಲುಬುತ್ತದೆ, ಅಷ್ಟೇ ಅದರ ಶಾಸ್ತ್ರ.

ಬಾದುಷಾದ ಬಿಳೀ ಹೊದಿಕೆಯೂ ಒಂದು ಮೆರುಗೇ. ಅದರ ಬಗ್ಗೆ ಹೆಚ್ಚು ಹೇಳಲಾರೆ, ಬಾಯಲ್ಲಿ ನೀರೂರುತ್ತದೆ. ಒಂದು ದೀಪಾವಳಿಯಲ್ಲಿ ಅತ್ತೆ ಪಾಕಕ್ಕೆ ನಿಂಬೆಹಣ್ಣು ಹಿಂಡಿಬಿಟ್ಟರು. ಹುಳಿ ಬಿದ್ದ ಪಾಕ ಹರಳುಗಟ್ಟುವುದಿಲ್ಲ. ಬಾದುಷಾ ಬೆವರಿದ ಪೈಲ್ವಾನರಂತೆ ತಟ್ಟೆಯಲ್ಲಿ ಕೂತಿದ್ದವು.

ಮಾತಿಗೆ ಮೆರುಗು ಕೊಡುವವರು ಚಿಕ್ಕಪ್ಪ. ನನಗೆ ಹೆಣ್ಣು ನೋಡಲು ಹೋದಾಗ ನಾನು ಡಿಗ್ರಿ ಮುಗಿಸಿ ಎರಡು ವರ್ಷ ಮನೆಯಲ್ಲೇ ಇದ್ದೆ. ಚಿಕ್ಕಪ್ಪ ಕಾಫಿ ಹೀರುತ್ತಾ, “ಹುಡುಗ ಸದ್ಯಕ್ಕೆ ಸಾಹಿತ್ಯದ ಕಡೆ ಒಲವು ಇಟ್ಕೊಂಡಿದಾನೆ” ಅಂದರು. ಮೂಲೆಯಲ್ಲಿದ್ದ ಅಜ್ಜಿ, “ಕೆಲಸ ಇಲ್ಲ ಕಣಮ್ಮಾ. ಊಟ ಮಾತ್ರ ಚೆನ್ನಾಗಿ ಮಾಡ್ತಾನೆ” ಅಂದಳು. ಬೆರಳಗೆಣ್ಣಿನಿಂದ ಕುಟ್ಟಿದಂಥ ಮಾತು. ಚಿಕ್ಕಪ್ಪನ ಕಪ್ಪು ತುಳುಕಿತು. ಸಂಬಂಧ ಕುದುರಿತು. ಅಜ್ಜಿಯ ಮಾತು ಕೇಳಿಯೇ ಧೈರ್ಯ ಬಂತು ಎಂದು ನಮ್ಮ ಮಾವನವರು ಆಮೇಲೆ ಹೇಳಿದರು; ಊಟದ ವಿಷಯವನ್ನು ಅವರು ಅಷ್ಟಾಗಿ ಗಮನಿಸಿರಲಿಲ್ಲ, ಪಾಪ.

ಎಂಥ ಜಾಡಿಯಾದರೂ ಬೋರಲು ಹಾಕಿ ನೋಡಿ, ತಳದ ಅಂಚಿಗೆ ಮೆರುಗು ಇರುವುದಿಲ್ಲ. ಅಲ್ಲಿ ಬಳಿದರೆ ಕರಗಿದ ಗಾಜು ಗೂಡಿನ ಹಲಗೆಗೆ ಕಚ್ಚಿಕೊಳ್ಳುತ್ತದೆ. ಜಾಡಿ ಎತ್ತಿದರೆ ತಳ ಅಲ್ಲೇ ಉಳಿಯುತ್ತದೆ. ಅಜ್ಜಿ ಆ ಒರಟು ಅಂಚಿನ ಮೇಲೆ ಚಾಕು ಮಸೆಯುತ್ತಿದ್ದಳು.

ಅಜ್ಜಿ ಹೋಗಿ ಹನ್ನೊಂದು ವರ್ಷ. ಉಪ್ಪಿನಕಾಯಿ ಈಗ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬರುತ್ತದೆ, ಜಾಡಿ ನಮ್ಮ ಫ್ಲ್ಯಾಟಿನ ಬಾಗಿಲ ಬಳಿ ಕೊಡೆಗಳನ್ನು ಕಾಯುತ್ತಿದೆ. ಮೊನ್ನೆ ಹೆಂಡತಿ ಕೊಡೆಗಳನ್ನೆಲ್ಲ ನನ್ನ ಕೈಗೆ ಕೊಟ್ಟು, ಜಾಡಿಯನ್ನು ಬೋರಲು ಹಾಕಿ, ಚಾಕನ್ನು ನಾಲ್ಕು ಸಲ ಎಳೆದಳು. ಟೊಮೆಟೊ ಸಲೀಸಾಗಿ ಕುಯ್ಯಿತು.